ಒಂದು ಫುಟ್‌ಪಾತಿಗಾಗಿ ನಾವು ಆಡಿದ ಜಗಳ

ಪುಣೆಯಲ್ಲಿ ನಮ್ಮ ಸುತ್ತಮುತ್ತಲಿನ ಕನ್ನಡದವರದ್ದೊಂದು ವಾಟ್ಸಾಪ್ ಗ್ರೂಪ್ ಇದೆ. ರಾಜ್ಯೋತ್ಸವ, ಊರಿನ ಬಸ್ಸು, ಒಳ್ಳೆ ಜೋಳದ ಹಿಟ್ಟು ಎಲ್ಲಿ ಸಿಗುತ್ತೆ ಅನ್ನೋದು, ಅಲ್ಲಿ ಇಷ್ಟೇ ಮಾತು. 2023ರಲ್ಲಿ ನಾನು ಪಾಲಿಕೆಯ ಬಜೆಟ್ ವಿಷಯ ಎತ್ತಿದೆ. ಹಿಂದಿನ ವರ್ಷ ಮಾರ್ಚ್‌ನಲ್ಲೇ ನಗರಸೇವಕರ, ಅಂದರೆ ಪಾಲಿಕೆ ಸದಸ್ಯರ, ಅವಧಿ ಮುಗಿದು ಆಡಳಿತಾಧಿಕಾರಿ ಬಂದಿದ್ದರು. ನಾವು ಆರಿಸಿದವರು ಸಭೆಯಲ್ಲಿ ಯಾರೂ ಇಲ್ಲದಾಗ ನಮ್ಮ ಮಾತು ನಾವೇ ಹೇಳಬೇಕು ಅನ್ನಿಸಿತು. ಅದಕ್ಕೆ ಪುಣೆಯಲ್ಲಿ ಒಂದು ದಾರಿ ಇದೆ. ನಮ್ಮ ಪ್ರಭಾಗದಲ್ಲಿ (ವಾರ್ಡಿನಲ್ಲಿ) ಏನು ಕೆಲಸ ಆಗಬೇಕು ಅಂತ ಜನರೇ ಫಾರ್ಮ್ ತುಂಬಿ ಕೊಡುವ ಪದ್ಧತಿ, 2006ರಲ್ಲಿ ಶುರುವಾಗಿದ್ದು. ಒಂದು ಕೆಲಸಕ್ಕೆ 5 ಲಕ್ಷ ರೂಪಾಯಿ ಮಿತಿ. ಈಗ ಆನ್‌ಲೈನಿನಲ್ಲೂ ತುಂಬಬಹುದು.

"ಬಜೆಟ್ ಬಗ್ಗೆ ನಿಮ್ಮ ಅಭಿಪ್ರಾಯ ತಿಳಿಸಿ" ಅಂತ ಹಾಕಿದೆ. ಮೂರು ದಿನ ಯಾರೂ ಮಾತಾಡಲಿಲ್ಲ. ನಾಲ್ಕನೇ ದಿನ ಬೇರೆ ಥರ ಕೇಳಿದೆ: "ಬಸ್ ಸ್ಟಾಪಿಗೆ ಹೋಗುವಾಗ ಫುಟ್‌ಪಾತ್ ಬಿಟ್ಟು ಎಲ್ಲಿ ರಸ್ತೆಗೆ ಇಳೀತೀರಿ? ಬರೆಯೋಕೆ ಬೇಜಾರಾದ್ರೆ ವಾಯ್ಸ್ ಕಳಿಸಿ." ರಾತ್ರಿಯೊಳಗೆ ಹದಿನೇಳು ವಾಯ್ಸ್ ಬಂದವು. ಜಾಸ್ತಿ ಹೆಂಗಸರದ್ದೇ, ಅದುವರೆಗೆ ಗ್ರೂಪಿನಲ್ಲಿ ಒಂದು ಮಾತೂ ಆಡದವರದ್ದು.

ಪ್ರತಿ ವಾಯ್ಸ್ ಕೇಳಿ ಕೆಳಗೆ ಎರಡು ಸಾಲು ಬರೆದೆ: "ಇವರು ಹೇಳಿದ್ದು ಇದು, ಸರೀನಾ?" ಅವರು "ಹೌದು" ಅಂದ ಮೇಲೇ ಮುಂದಿನದು. ಇದಕ್ಕೆ ತುಂಬಾ ಸಮಯ ಹಿಡಿಯಿತು. ಆದರೆ ಚರ್ಚೆ ನಿಂತಿದ್ದೇ ಇದರ ಮೇಲೆ. ತಮ್ಮ ಮಾತನ್ನು ಒಬ್ಬರು ಪೂರ್ತಿ ಕೇಳಿದ್ದಾರೆ ಅಂತ ಗೊತ್ತಾದರೆ ಜನ ಇನ್ನೊಬ್ಬರದ್ದನ್ನೂ ಕೇಳುತ್ತಾರೆ.

ಮೊದಲ ಜಗಳ ಬೆಂಚಿನದ್ದು. ಹಿರಿಯರಿಗೆ ಕೂರಲು ನಾಲ್ಕು ಬೆಂಚ್ ಕೇಳೋಣ ಅಂದರು ಕುಂದಾಪುರದ ಒಬ್ಬ ಮಾವ. ವಿಜಯಪುರದ ಅಕ್ಕನ ವಾಯ್ಸ್ ತಕ್ಷಣ ಬಂತು: "ಬೆಂಚ್ ಯಾಕ್ರೀ? ಕುಂದ್ರಾಕ ಪುರುಸೊತ್ತ ಎಲ್ಲೈತಿ? ಮೊದಲ ನಡ್ಯಾಕ ಜಾಗಾ ಕೊಡ್ರಿ."

ಭಾನುವಾರ ಐದಾರು ಜನ ಟೇಪ್ ಹಿಡಿದು ಹೊರಟೆವು. ಫುಟ್‌ಪಾತಿನಲ್ಲಿ ಅಡ್ಡಿಯಿಲ್ಲದೆ ನಡೆಯಲು ಕನಿಷ್ಠ 1.8 ಮೀಟರ್ ಇರಬೇಕು ಅಂತ, ರಸ್ತೆಗಳ ಮಾನದಂಡ ಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸಂಸ್ಥೆಯ ನಿಯಮ ಹೇಳುತ್ತೆ. ಪಾದಚಾರಿಗಳಿಗಾಗಿಯೇ ಪುಣೆ ಪಾಲಿಕೆ 2016ರಲ್ಲಿ ಒಂದು ನೀತಿಯನ್ನೂ ಒಪ್ಪಿಕೊಂಡಿದೆ. ಔಷಧಿ ಅಂಗಡಿ ಎದುರು ನಿಲ್ಲಿಸಿದ ಸ್ಕೂಟರುಗಳ ಪಕ್ಕ ಅಳೆದರೆ 70 ಸೆಂಟಿಮೀಟರ್. ಮಾವ ಟೇಪಿನ ತುದಿ ಹಿಡಿದು ಅಲ್ಲೇ ಸ್ವಲ್ಪ ಹೊತ್ತು ನಿಂತರು. ಅವತ್ತು ಸಂಜೆ ಬೆಂಚಿನ ಮಾತನ್ನು ತಾವೇ ಪಕ್ಕಕ್ಕಿಟ್ಟರು.

ಎರಡನೇ ಜಗಳ ದೊಡ್ಡದು. "ತರಕಾರಿಯವರನ್ನೂ ಎಬ್ಬಿಸಬೇಕು" ಅಂತ ಒಬ್ಬರು ಬರೆದರು, ಹತ್ತು ಜನ ಹೌದು ಅಂದರು. ನಾನೂ ಒಪ್ಪಿ ಫಾರ್ಮಿನಲ್ಲಿ ಬರೆಯಲು ಕೂತಿದ್ದೆ. ಆಗ ನೆನಪಾಯಿತು, ಅಲ್ಲಿ ಸೊಪ್ಪು ಮಾರುವವರು ಕಲಬುರಗಿ ಕಡೆಯವರು. ನಮ್ಮದೇ ಭಾಷೆ, ಗ್ರೂಪಿನಲ್ಲಿ ಮಾತ್ರ ಇಲ್ಲ! ಯಾರ ಜಾಗದ ಬಗ್ಗೆ ತೀರ್ಮಾನ ಮಾಡ್ತಿದ್ದೀವೋ ಅವರೇ ಇಲ್ಲದೆ ಎಂಥ ಚರ್ಚೆ? ಹೋಗಿ ಮಾತಾಡಿಸಿ ಅವರ ನಂಬರ್ ಸೇರಿಸಿದೆ. ಇಬ್ಬರು ಬೇಜಾರಾಗಿ ಗ್ರೂಪ್ ಬಿಟ್ಟರು. ನನಗೆ ನೋವಾಯಿತು, ಆದರೂ ಸೇರಿಸಿದ್ದು ಸರಿ ಅಂತ ಈಗಲೂ ಹೇಳ್ತೇನೆ.

ಸೊಪ್ಪಿನವರು ಹೇಳಿದ್ದು ಸರಳ. ಗೋಡೆ ಕಡೆ ಮೂರಡಿ ಸರಿದು ಕೂರಲು ತಾವು ತಯಾರು, ಆದರೆ ಅಲ್ಲಿ ಚರಂಡಿಯ ಕಲ್ಲು ಒಡೆದಿದೆ. ನಮ್ಮಲ್ಲಿ ಯಾರೂ ಅದನ್ನು ಗಮನಿಸಿರಲಿಲ್ಲ. ಕೊನೆಗೆ ನಾವು ಕೇಳಿದ್ದು ಆ ಕಲ್ಲು, ಜೊತೆಗೆ ಸ್ಕೂಟರ್ ಹತ್ತದಂತೆ ಸಣ್ಣ ಕಂಬಗಳು. ಎಬ್ಬಿಸುವ ಮಾತು ಬಿಟ್ಟೆವು. ಆಮೇಲೆ ಅವರಿಗೆ 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಓದಿ ಹೇಳಿದೆ. ಊರಿನ ಬೀದಿ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇಕಡ 40 ಜನ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. "ನಾನೂ ನಿಲ್ಲಬೌದಾ?" ಅಂತ ಎರಡು ಸಲ ಕೇಳಿದರು.

ಮೊದಲ ವರ್ಷ ನಮ್ಮ ಫಾರ್ಮ್ ವಾಪಸ್ ಬಂತು. ತಪ್ಪು ನನ್ನದೇ, ಒಂದು ತುಂಡು ಜಾಗ ಪಾಲಿಕೆಯದ್ದಲ್ಲ, ಅಪಾರ್ಟ್‌ಮೆಂಟ್ ಸೊಸೈಟಿಯದ್ದು ಅಂತ ನೋಡಿರಲಿಲ್ಲ. ಮರುವರ್ಷ ಆ ತುಂಡನ್ನು ಬಿಟ್ಟು ಫಾರ್ಮ್ ಮತ್ತೆ ಕೊಟ್ಟೆವು. ಚರಂಡಿಯ ಕಲ್ಲು ಬಂತು. ಕಂಬ ಇನ್ನೂ ಬಂದಿಲ್ಲ.

ಈ ಸಲ ಫಾರ್ಮ್ ವಿಷಯ ಹಾಕಿದಾಗ ಮೊದಲ ವಾಯ್ಸ್ ಸೊಪ್ಪಿನ ಅಕ್ಕನದ್ದೇ. ಬೆಳಗಿನ ಐದೂವರೆ, ಮಾರ್ಕೆಟ್ ಯಾರ್ಡಿನ ಗದ್ದಲದ ನಡುವಿನಿಂದ: "ಸಂಜಿತನಾ ಕುಂತಿರ್ತೀವ್ರಿ. ಹೆಣ್ಮಕ್ಕಳಿಗೊಂದು ಸಂಡಾಸ ಬರೀರಿ ಅಕ್ಕಾರ. ಆಮ್ಯಾಲ ಮಾವಾರ ಬೆಂಚ್ ಬರೀರಿ."