ಹೊಸಬರಿಗೆ ಮಾರ್ಗದರ್ಶಿ: ಮಕ್ಕಳಿಗಾಗಿ ಅಂತರ್ಜಾಲದಲ್ಲಿ ಉಚಿತವಾಗಿ ದೊರೆಯುವ ಈ ಸೀಮೆಯ ಚರಿತ್ರೆ ಮತ್ತು ನಿಸರ್ಗ

ಮೈಸೂರು, ಮಂಗಳೂರು, ಶಿವಮೊಗ್ಗ ಕಡೆಗಳಿಂದ ವರ್ಗವಾಗಿಯೋ ತೋರಣಗಲ್ಲಿನ ಕಾರ್ಖಾನೆಯ ಕೆಲಸಕ್ಕೋ ಬಳ್ಳಾರಿಗೆ ಬಂದಿಳಿದ ಕುಟುಂಬಗಳು ಸಂಘದಲ್ಲಿ ಮೊದಲು ವಿಚಾರಿಸುವುದು ಮನೆ, ನೀರು, ಶಾಲೆ ಈ ಮೂರನ್ನೇ. ಅವುಗಳಿಗೆ ಬೇರೆ ಹಾಳೆಗಳಿವೆ. ಮಗುವು ಶಾಲೆಯಿಂದ ‘ನಮ್ಮ ಜಿಲ್ಲೆ’ ಎಂಬ ಯೋಜನಾ ಕಾರ್ಯವನ್ನು ತಂದು ನಿಮ್ಮ ಮುಂದೆ ಇಟ್ಟಾಗ ಈ ಹಾಳೆಯನ್ನು ತೆಗೆಯಿರಿ. ಅದಕ್ಕೂ ಮೊದಲು, “ಇಲ್ಲಿ ಬಿಸಿಲು, ಧೂಳು ಬಿಟ್ಟರೆ ಏನಿದೆ” ಎಂದು ಮಕ್ಕಳ ಎದುರು ಹೇಳುವುದನ್ನು ದಯವಿಟ್ಟು ನಿಲ್ಲಿಸಿರಿ. ನಾನೂ ಹಾಗೆ ಹೇಳಿಕೊಂಡೇ ಬಂದವನು.

ಹಣ ಕಟ್ಟುವ ಮೊದಲು

ಬಂದ ವರ್ಷವೇ ನಾನು ಒಂದು ಕಲಿಕಾ ಆ್ಯಪ್‌ಗೆ ವರ್ಷದ ಶುಲ್ಕವನ್ನು ಒಟ್ಟಿಗೆ ಕಟ್ಟಿದೆ. ಅದರಲ್ಲಿ ಹಂಪಿಯ ಬಗ್ಗೆ ಒಂದು ಪುಟವಿತ್ತು, ರಾಯಚೂರು, ಕೊಪ್ಪಳಗಳ ಹೆಸರೂ ಇರಲಿಲ್ಲ. ಹಣ ಮರಳಲಿಲ್ಲ. ಆದ್ದರಿಂದ ಮೊದಲು ಸರ್ಕಾರದ ದೀಕ್ಷಾ ವೇದಿಕೆಯನ್ನು ನೋಡಿರಿ. ಪಠ್ಯಪುಸ್ತಕದಲ್ಲಿ ಮುದ್ರಿತವಾದ ಕ್ಯೂಆರ್ ಕೋಡನ್ನು ಫೋನಿನಲ್ಲಿ ಸ್ಕ್ಯಾನ್ ಮಾಡಿದರೆ ಆ ಪಾಠದ ಸಾಮಗ್ರಿ ತೆರೆದುಕೊಳ್ಳುತ್ತದೆ. ಕ್ಯಾಮೆರಾ ಸರಿಯಿಲ್ಲದಿದ್ದರೆ ಕೋಡಿನ ಕೆಳಗಿರುವ ಆರು ಅಕ್ಷರ-ಅಂಕಿಗಳನ್ನು ಟೈಪ್ ಮಾಡಿದರೂ ಸಾಕು. ವಿಡಿಯೊಗಳನ್ನು ಇಳಿಸಿಟ್ಟುಕೊಂಡರೆ ನೆಟ್‌ವರ್ಕ್ ಇಲ್ಲದಾಗಲೂ ನೋಡಬಹುದು. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪುಸ್ತಕಗಳ ಪಿಡಿಎಫ್ ಉಚಿತವಾಗಿ ದೊರೆಯುತ್ತದೆ.

ಜಿಲ್ಲೆಯ ಗಡಿ: ಇಲ್ಲಿ ಎಲ್ಲರೂ ಎಡವುತ್ತಾರೆ

ನನ್ನ ಮಗಳು ಒಂದು ವಿಡಿಯೊ ನೋಡಿ ‘ನಮ್ಮ ಜಿಲ್ಲೆಯ ಹಂಪಿ ಮತ್ತು ತುಂಗಭದ್ರಾ ಅಣೆಕಟ್ಟು’ ಎಂದು ಅಂದವಾದ ಚಾರ್ಟ್ ಮಾಡಿದಳು. ಇಡೀ ಭಾನುವಾರ ಅದಕ್ಕೇ ಹೋಗಿತ್ತು. ಶಾಲೆಯಲ್ಲಿ ಅದನ್ನು ಕೆಂಪು ಶಾಯಿಯಿಂದ ಅಡ್ಡಗೆರೆ ಎಳೆದು ಹಿಂದಿರುಗಿಸಿದರು. ವಿಡಿಯೊ ಹಳೆಯದಾಗಿತ್ತು. 2021ರಲ್ಲಿ ಬಳ್ಳಾರಿಯನ್ನು ವಿಭಜಿಸಿ ವಿಜಯನಗರ ಜಿಲ್ಲೆಯನ್ನು ರಚಿಸಿದಾಗ ಹೊಸಪೇಟೆ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹೂವಿನಹಡಗಲಿ, ಹರಪನಹಳ್ಳಿ ತಾಲ್ಲೂಕುಗಳು ಆ ಕಡೆಗೆ ಹೋದವು. ಹಂಪಿಯೂ ಅವುಗಳೊಂದಿಗೆ ಹೋಯಿತು. ಬಳ್ಳಾರಿ, ಕುರುಗೋಡು, ಸಿರುಗುಪ್ಪ, ಕಂಪ್ಲಿ, ಸಂಡೂರು ನಮ್ಮಲ್ಲಿ ಉಳಿದವು. ಕೊಪ್ಪಳವೂ 1997ರವರೆಗೆ ರಾಯಚೂರಿನ ಭಾಗವೇ ಆಗಿತ್ತು. ಯಾವುದೇ ವಿಡಿಯೊ ಅಥವಾ ಲೇಖನವನ್ನು ಮಗುವಿಗೆ ಕೊಡುವ ಮೊದಲು ಅದು ಯಾವ ವರ್ಷದ್ದೆಂದು ನೋಡುವ ಕೆಲಸ ನಿಮ್ಮದು, ಮಗುವಿನದಲ್ಲ. ಇಂಗ್ಲಿಷಿನಲ್ಲಿ ಹುಡುಕುವವರು ‘ಬೆಲ್ಲರಿ’ (Bellary) ಎಂಬ ಹಳೆಯ ಕಾಗುಣಿತದಲ್ಲಿಯೂ ಹುಡುಕಬೇಕು, ಏಕೆಂದರೆ ಹೆಸರು ಅಧಿಕೃತವಾಗಿ ಬದಲಾದದ್ದು 2014ರಲ್ಲಿ.

ಇದೇ ಬಗೆಯ ಇನ್ನೊಂದು ತೊಡಕು ಸೆಪ್ಟೆಂಬರ್ 17ರಂದು ಎದುರಾಗುತ್ತದೆ. ಅಂದು ಇಲ್ಲಿ ಧ್ವಜಾರೋಹಣ ನಡೆಯುವುದನ್ನು ಕಂಡು ದಕ್ಷಿಣದಿಂದ ಬಂದವರು ತಬ್ಬಿಬ್ಬಾಗುತ್ತಾರೆ. ಹೈದರಾಬಾದ್ ಸಂಸ್ಥಾನವು 1948ರ ಸೆಪ್ಟೆಂಬರ್ 17ರಂದು ನಿಜಾಮನ ಆಳ್ವಿಕೆಯಿಂದ ಬಿಡುಗಡೆಯಾದುದರ ನೆನಪಿಗಾಗಿ ಈ ಆಚರಣೆ. ಆದರೆ ವಿಮೋಚನೆಯ ವಿಡಿಯೊಗಳನ್ನು ನೋಡಿದ ಮಕ್ಕಳು ಬಳ್ಳಾರಿಯೂ ಆಗ ನಿಜಾಮನ ಕೈಯಲ್ಲಿತ್ತೆಂದು ಬರೆದುಬಿಡುತ್ತಾರೆ. ರಾಯಚೂರು, ಕೊಪ್ಪಳಗಳ ಮಟ್ಟಿಗೆ ಅದು ನಿಜ. ಬಳ್ಳಾರಿಯು ಮದ್ರಾಸ್ ಪ್ರಾಂತ್ಯದಲ್ಲಿದ್ದು 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಇಂದು ಎಲ್ಲವೂ ಕಲ್ಯಾಣ ಕರ್ನಾಟಕವೇ ಆದರೂ ಬಂದ ದಾರಿಗಳು ಬೇರೆ.

ಅಶೋಕ ಮತ್ತು ಬೂದಿದಿಬ್ಬಗಳು

ಅಶೋಕನ ಹೆಸರನ್ನೇ ಹೇಳುವ ಶಾಸನಗಳು ಬೆರಳೆಣಿಕೆಯಷ್ಟು. ರಾಯಚೂರು ಜಿಲ್ಲೆಯ ಮಸ್ಕಿ, ನಮ್ಮ ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು ಮತ್ತು ಉದೇಗೊಳಂ ಅವುಗಳಲ್ಲಿ ಸೇರಿವೆ. ಅನೇಕ ಪಾಠಗಳು 1915ರಲ್ಲಿ ಪತ್ತೆಯಾದ ಮಸ್ಕಿಯನ್ನು ಮಾತ್ರ ಹೇಳಿ ಮುಗಿಸುತ್ತವೆ. ಉಳಿದೆರಡನ್ನು ನೀವು ಸೇರಿಸಿರಿ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿಯೂ ಅಶೋಕನ ಶಾಸನಗಳಿವೆ.

ಹಂಪಿಯ ಬಳಿಯ ನಿಂಬಾಪುರದ ಬೂದಿದಿಬ್ಬವು ವಾಲಿಯ ಚಿತಾಭಸ್ಮವೆಂದು ಜನ ಹೇಳುತ್ತಾರೆ, ಹಲವು ವಿಡಿಯೊಗಳು ಅಷ್ಟನ್ನೇ ಹೇಳುತ್ತವೆ. ಅಗೆದು ನೋಡಿದ ವಿದ್ವಾಂಸರ ಪ್ರಕಾರ ಇಂತಹ ದಿಬ್ಬಗಳು ನವಶಿಲಾಯುಗದ ದನಗಾಹಿಗಳು ಒಟ್ಟುಹಾಕಿದ ಸಗಣಿ ಸುಟ್ಟು ಉಳಿದ ಬೂದಿ. ಮಗುವು ಎರಡನ್ನೂ ಬರೆಯಲಿ, ಆದರೆ ಯಾವುದು ಕಥೆ, ಯಾವುದು ಉತ್ಖನನದ ತಿಳಿವಳಿಕೆ ಎಂಬುದನ್ನು ಬೇರೆಬೇರೆ ಹೇಳಲಿ. ಕುಡತಿನಿಯ ದಿಬ್ಬವು ತೋರಣಗಲ್ಲಿಗೆ ಹೋಗುವ ಹಾದಿಯಲ್ಲೇ ಇದೆ. ದಿನವೂ ಅದರ ಬದಿಯಲ್ಲಿ ಹಾಯ್ದು ಡ್ಯೂಟಿಗೆ ಹೋಗುವವರಲ್ಲಿ ಎಷ್ಟು ಮಂದಿ ಬಸ್ಸಿನ ಕಿಟಕಿಯಿಂದ ಅದನ್ನು ನೋಡಿದ್ದೀರಿ? 1872ರಲ್ಲಿ ಬಳ್ಳಾರಿ ಬಳಿಯ ಸಂಗನಕಲ್ಲಿನ ನವಶಿಲಾಯುಗದ ನೆಲೆಯನ್ನು ಗುರುತಿಸಿದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರ ಹೆಸರಿನ ವಸ್ತುಸಂಗ್ರಹಾಲಯ ಬಳ್ಳಾರಿಯಲ್ಲಿಯೇ ಇದೆ. ವಿಡಿಯೊ ತೋರಿಸಿ ಕೂರಿಸದೆ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಿರಿ.

ನಿಸರ್ಗ

ಮಲೆನಾಡಿನವರು ಕಾಡೆಂದರೆ ಹಸಿರೆಂದೇ ತಿಳಿದಿರುತ್ತಾರೆ. ಇಲ್ಲಿ ಬಂಡೆಗಳೇ ಕಾಡು. 1994ರಲ್ಲಿ ಘೋಷಿತವಾದ ದರೋಜಿ ಕರಡಿಧಾಮ, ಮತ್ತು ಅಣೆಕಟ್ಟಿನ ಸಮೀಪದ ಮುದ್ಲಾಪುರದಿಂದ ಕಂಪ್ಲಿಯವರೆಗೆ ತುಂಗಭದ್ರೆಯ 34 ಕಿ.ಮೀ. ಉದ್ದಕ್ಕೆ 2015ರಲ್ಲಿ ಘೋಷಿತವಾದ ನೀರುನಾಯಿ ಸಂರಕ್ಷಣಾ ಮೀಸಲು, ಇವೆರಡರ ಚಿತ್ರಗಳನ್ನೂ ವಿಡಿಯೊಗಳನ್ನೂ ಮಕ್ಕಳೊಂದಿಗೆ ಕುಳಿತು ನೋಡಿರಿ. ಮರ್ಲಿನ್ ಎಂಬ ಉಚಿತ ಆ್ಯಪ್ ಹಕ್ಕಿಯ ಕೂಗನ್ನು ಕೇಳಿ ಹೆಸರನ್ನು ಸೂಚಿಸುತ್ತದೆ; ಅದರ ಭಾರತದ ಹಕ್ಕಿಗಳ ಕಡತವನ್ನು ಮನೆಯ ವೈಫೈನಲ್ಲಿಯೇ ಇಳಿಸಿಕೊಂಡು ಹೊರಡಿರಿ.

ಉಳಿದವು

ಕಣಜ: ಸರ್ಕಾರದ ಕನ್ನಡ ಜ್ಞಾನಕೋಶ.
ಭಾರತವಾಣಿ: ನಿಘಂಟುಗಳು, ಪುಸ್ತಕಗಳು.
ಸ್ಟೋರಿವೀವರ್: ಚಿಕ್ಕ ಮಕ್ಕಳ ಕನ್ನಡ ಕಥೆಗಳು, ಇಳಿಸಿ ಮುದ್ರಿಸಲು ಅನುಮತಿಯಿದೆ.
ಕನ್ನಡ ವಿಕಿಪೀಡಿಯ: ಯಾರು ಬೇಕಾದರೂ ತಿದ್ದಬಹುದಾದುದರಿಂದ ಇನ್ನೊಂದು ಕಡೆ ಹೋಲಿಸಿ ನೋಡಿರಿ.

ಮುದ್ರಿಸಿಕೊಳ್ಳಬೇಕಾದವರು ಭಾನುವಾರ ಬೆಳಿಗ್ಗೆ ಸಂಘದ ಕೋಣೆಗೆ ಬರಬಹುದು. ಹಾಳೆಗಳನ್ನು ನೀವೇ ತರಬೇಕು, ಮತ್ತು ಯೋಜನಾ ಕಾರ್ಯವನ್ನು ಮಗುವೇ ಬರೆಯಬೇಕು. ಕಳೆದ ಬಾರಿ ಮೂವರು ತಂದೆಯರು ಚಾರ್ಟ್ ಹಿಡಿದು ಬಂದು ಸ್ಕೆಚ್ ಪೆನ್ ಕೇಳಿದ್ದರು.