ಮೈಲುತುತ್ತದ ಕುಡಿಕೆ ಹಿಡಿದು ತಾಮ್ರ ಹುಡುಕಿದ್ದು

ಹೋದ ಭಾನುವಾರ ಪುಣೆಯ ಕೋಥ್ರೂಡಿನ ನಮ್ಮ ಮನೆಗೆ ಪಕ್ಕದ ಧಾರವಾಡದವರ ಮಗ ಒಂದು ಕಲ್ಲು ಹಿಡಿದು ಬಂದ. ವಾಘೋಲಿಯ ಕ್ವಾರಿಯದ್ದಂತೆ. ಬಸಾಲ್ಟ್ ಎಂಬ ಲಾವಾ ಕಲ್ಲಿನ ಪೊಳ್ಳಿನೊಳಗೆ ಕಡುನೀಲಿ ಹರಳಿನ ಗೊಂಚಲು. "ಇದು ತಾಮ್ರ ಅಲ್ಲೇನ್ರೀ ಕಾಕಾ?" ಅಂತ ಕೇಳಿದ. ಅದು ಕವನ್ಸೈಟ್ ಎಂಬ ಖನಿಜ, ಆ ನೀಲಿ ವನೇಡಿಯಂ ಎಂಬ ಲೋಹ ಕೊಟ್ಟ ಬಣ್ಣ. ಪಾಷಾಣ್ ಗುಡ್ಡದ ಹಸಿರು ಅಪೊಫಿಲೈಟ್ ಹರಳಿಗೂ ಬಣ್ಣ ಬಂದಿದ್ದು ವನೇಡಿಯಂನಿಂದಲೇ. ಪುಣೆಯ ಈ ಬಸಾಲ್ಟ್ ಸುಮಾರು 6.6 ಕೋಟಿ ವರ್ಷದ್ದು. ನಾನು ತಾಮ್ರ ಹುಡುಕಿದ ಕಲ್ಲಿಗೆ 250 ಕೋಟಿ ದಾಟಿದೆ.

ಅದು ಚಿತ್ರದುರ್ಗದ ಶಿಸ್ಟ್ (ಪದರುಪದರಾದ ಕಲ್ಲು) ಪಟ್ಟಿಯಲ್ಲಿ, ಇಂಗಳದಾಳ್ ತಾಮ್ರದ ಗಣಿಯಿಂದ ದೂರವಲ್ಲದ ಒಂದು ಸಣ್ಣ ಗುಡ್ಡ. ಅಲ್ಲಿನ ಕಲ್ಲು ಸಮುದ್ರದಡಿ ಉಕ್ಕಿದ ಲಾವಾ. ಮರಡಿಹಳ್ಳಿಯಲ್ಲಿ ದಿಂಬು ಪೇರಿಸಿಟ್ಟ ಹಾಗೆ ಕಾಣುವ ಲಾವಾ ನೋಡಿದವರಿಗೆ ಇದು ಗೊತ್ತಿರುತ್ತದೆ.

ಗುಡ್ಡದಲ್ಲಿ ನಮಗಿಂತ ಮೊದಲೇ ಜನ ಅಗೆದಿದ್ದರು. ಲಂಟಾನ ಸರಿಸಿದರೆ ಸಾಲಾಗಿ ಮುಚ್ಚಿಹೋದ ಗುಣಿಗಳು, ಕೆಳಗೆ ಹಳ್ಳದ ದಡದಲ್ಲಿ ಅದಿರು ಕರಗಿಸಿ ಚೆಲ್ಲಿದ ಕಪ್ಪು ಕಿಟ್ಟ. ಗುಣಿಯ ಅಂಚಿನ ಕಲ್ಲಿಗೆ ಮ್ಯಾಲಕೈಟ್ ಎಂಬ ತಾಮ್ರದ ಹಸಿರು ಖನಿಜ ಮೆತ್ತಿಕೊಂಡಿತ್ತು. ಹಸಿರು ಚೆನ್ನಾಗಿದ್ದ ತುಂಡುಗಳನ್ನೇ ಆರಿಸಿ ಲ್ಯಾಬಿಗೆ ಕಳಿಸಿದೆ. ಫಲಿತಾಂಶ ಬಂದಾಗ ಕ್ಯಾಂಪಿನಲ್ಲಿ ಹಬ್ಬ. ಆಮೇಲೆ ಅದಿರಿನ ಪಟ್ಟಿಯ ಅಡ್ಡಕ್ಕೆ ಒಂದೇ ಅಗಲ, ಒಂದೇ ಆಳಕ್ಕೆ ಕಾಲುವೆ ಕೊರೆದು, ಬಂದ ಪುಡಿಯನ್ನೆಲ್ಲ ಕಳಿಸಿದಾಗ ತಾಮ್ರ ಮೊದಲು ಬಂದದ್ದರ ಹತ್ತನೇ ಒಂದು ಪಾಲೂ ಇರಲಿಲ್ಲ. ಮ್ಯಾಲಕೈಟಿನ ತೂಕದಲ್ಲಿ ಶೇ. 57ರಷ್ಟು ತಾಮ್ರವೇ ಇರುತ್ತದೆ. ತೆಳ್ಳಗೆ ಬಳಿದುಕೊಂಡಿದ್ದರೂ ಆರಿಸಿದ ತುಂಡು ಶ್ರೀಮಂತವಾಗಿ ಕಾಣುತ್ತದೆ. ಮೇಲ್ಮೈಯಲ್ಲಿ ಗಂಧಕದ ಅದಿರು ಮಳೆನೀರಿಗೆ ಕೊಳೆತು ಆಮ್ಲವಾಗಿ, ತಾಮ್ರ ಬಹುಪಾಲು ಕೆಳಗಿಳಿದು, ತುಕ್ಕಿನ ಬಣ್ಣದ ಕಬ್ಬಿಣದ ಟೋಪಿ ಉಳಿದಿರುತ್ತದೆ. ನಿಜವಾದ ಅದಿರು ಚಾಲ್ಕೊಪೈರೈಟ್ ಅದರ ಕೆಳಗೆ. ಅದರಲ್ಲಿ ತಾಮ್ರ ಮೂರನೇ ಒಂದು ಪಾಲು.

ಕೆಳಗೆ ಏನಿದೆ ಅಂತ ತಿಳಿಯಲು ಎಸ್‌ಪಿ (ಸೆಲ್ಫ್ ಪೊಟೆನ್ಶಿಯಲ್) ಸರ್ವೆ, ಅಂದರೆ ನೆಲದಲ್ಲಿ ತಾನಾಗಿ ಹುಟ್ಟುವ ವಿದ್ಯುತ್ತಿನ ಅಳತೆ, ಮಾಡಿದೆವು. ಈ ಕೆಲಸ ನನಗೆ ಇವತ್ತಿಗೂ ಇಷ್ಟ. ಎರಡು ಮಣ್ಣಿನ ಕುಡಿಕೆ, ಎರಡರಲ್ಲೂ ಮೈಲುತುತ್ತದ ನೀರು, ಅದರಲ್ಲಿ ಮುಳುಗಿಸಿದ ತಾಮ್ರದ ಕಡ್ಡಿ. ಒಂದನ್ನು ಒಂದೇ ಕಡೆ ಹೂತು, ಇನ್ನೊಂದನ್ನು ಹೆಜ್ಜೆ ಲೆಕ್ಕದಲ್ಲಿ ಮುಂದೆ ಮುಂದೆ ಇಡುತ್ತಾ, ನಡುವಿನ ಮಿಲಿವೋಲ್ಟ್ ಬರೆದುಕೊಳ್ಳುವುದು. ಗಂಧಕದ ಅದಿರಿನ ಮೇಲೆ ಬಂದರೆ ಮೀಟರು ಮೈನಸ್ಸಿಗೆ ಇಳಿಯುತ್ತದೆ. ಗುಡ್ಡದ ಪೂರ್ವ ಬದಿಯಲ್ಲಿ ಅದು ಎಷ್ಟು ಇಳಿಯಿತೆಂದರೆ, ಕುಡಿಕೆ ಸೀಳಿರಬೇಕು ಅಂತ ಬದಲಾಯಿಸಿ ಮತ್ತೆ ಅಳೆದೆವು. ಅಷ್ಟೇ ಬಂತು.

ಬೋರ್ ಅಲ್ಲೇ ಹಾಕಿಸಿದೆ. ಬೋರಿನಿಂದ ತೆಗೆದ ಕಲ್ಲಿನ ಕಂಬಗಳಿಟ್ಟ ಕೋರ್ ಬಾಕ್ಸ್ ತೆರೆದಾಗ ಕಲ್ಲು ಕಪ್ಪಗಿತ್ತು, ಮುಟ್ಟಿದರೆ ಬೆರಳಿಗೆ ಮಸಿ. ಗ್ರಾಫೈಟ್ ಶಿಸ್ಟ್, ಪೆನ್ಸಿಲ್ ಕಡ್ಡಿಯ ಗ್ರಾಫೈಟೇ ತುಂಬಿದ ಕಲ್ಲು! ಕುಡಿಕೆಗೆ ಗ್ರಾಫೈಟೂ ಒಂದೇ, ಚಾಲ್ಕೊಪೈರೈಟೂ ಒಂದೇ. ಹಳೆಯ ಗುಣಿಗಳಿದ್ದದ್ದು ಪಶ್ಚಿಮ ಬದಿಯಲ್ಲಿ. ಅಗೆದವರು ಈ ಕಪ್ಪು ಕಲ್ಲನ್ನು ಮುಟ್ಟೇ ಇರಲಿಲ್ಲ. ನಾನು ಆ ಸಾಲನ್ನು ನಕ್ಷೆಗೆ ಇಳಿಸಿದ್ದೆ, ಆದರೆ ಅದನ್ನು ನಂಬಿರಲಿಲ್ಲ.

ಎರಡನೇ ಬೋರನ್ನು ಓರೆಯಾಗಿ, ಗುಣಿಗಳ ಕೆಳಗೆ ಹಾಯುವಂತೆ ಹಾಕಿಸಿದೆ. ಬೆಣಚುಕಲ್ಲಿನ ನಡುವೆ ಹಿತ್ತಾಳೆ ಬಣ್ಣದ ಎಳೆಗಳು ಬಂದವು. ದಪ್ಪದ ಎಳೆ ಒಂದು ಗೇಣು. ಮುಂದಿನ ಬೋರಿನಲ್ಲಿ ಅದೂ ಎರಡು ಬೆರಳಿಗೆ ಇಳಿಯಿತು. ಗಣಿಯಾಗುವಷ್ಟು ಇಲ್ಲ ಅಂತ ವರದಿ ಬರೆದೆ. ಗುಣಿಗಳ ಅಳತೆಯನ್ನೂ ಪೂರ್ತಿ ಸೇರಿಸಿದೆ.

ಹುಡುಗನಿಗೆ ಇಷ್ಟೆಲ್ಲ ಹೇಳಿ, ಕಪಾಟಿನಿಂದ ಆ ಗುಡ್ಡದ ಮ್ಯಾಲಕೈಟ್ ತೆಗೆದೆ. ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲದ ಹನಿ ಬಿಟ್ಟರೆ ನೊರೆ ಬಂತು. ಅವನ ಕಲ್ಲಿನ ಮೇಲೂ ಬಂತು, ಅದರಲ್ಲಿ ಸುಣ್ಣದ ಖನಿಜ ಕ್ಯಾಲ್ಸೈಟ್ ಇತ್ತು. ಆಮೇಲೆ ಉಜ್ಜಿದ ಕಬ್ಬಿಣದ ಚಾಕುವಿನ ತುದಿಯನ್ನು ಎರಡೂ ಹನಿಗೆ ಹಚ್ಚಲು ಹೇಳಿದೆ. ಅವನ ಕಲ್ಲಿನಲ್ಲಿ ಚಾಕು ಹಾಗೇ ಇತ್ತು. ನನ್ನ ಕಲ್ಲಿನಲ್ಲಿ ನೋಡನೋಡುತ್ತ ತಾಮ್ರ ಕೂತು ಕೆಂಪಗಾಯಿತು.