ಹಳೆಯ ಸ್ಪೋರ್ಟ್ಸ್ ಕಾರಿನ ಬ್ರೇಕ್: ಗಾಳಿ ಡಿಸ್ಕಿನ ಹೊಟ್ಟೆಗೆ ಹೋಗಲಿ

ಶಿರಾಡಿ ಘಾಟಿ ಇಳಿಯುವ ಲಾರಿಯ ಹಿಂದೆ ಸಿಕ್ಕಿಹಾಕಿಕೊಂಡವರಿಗೆ ಬ್ರೇಕ್ ಲೈನರ್ ಸುಟ್ಟ ವಾಸನೆ ಗೊತ್ತು. ಕ್ಯಾಲಿಫೋರ್ನಿಯಾದ ಲಗುನಾ ಸೆಕಾ ರೇಸ್ ಟ್ರ್ಯಾಕಿನಲ್ಲೂ ಅದೇ ವಾಸನೆ ಮೂಗಿಗೆ ಬಡಿಯುತ್ತದೆ. ದುಡ್ಡು ಕಟ್ಟಿ ಸ್ವಂತ ಕಾರನ್ನು ಟ್ರ್ಯಾಕಿನಲ್ಲಿ ಓಡಿಸುವ ದಿನಗಳಿಗೆ ನಾವು ನಾಲ್ಕಾರು ಕನ್ನಡದವರು ಒಟ್ಟಿಗೆ ಹೋಗುತ್ತೇವೆ. ಹೆಚ್ಚಿನವರದು ಹಳೆಯ ಮಾಜ್ಡಾ ಎಂಎಕ್ಸ್-5. 1989ರಲ್ಲಿ ಬಂದ ಮೊದಲ ತಲೆಮಾರಿನದು. ಹಗುರ ಕಾರು, ರಿಪೇರಿಯೂ ಸುಲಭ. ಆದರೆ 1.6 ಲೀಟರ್ ಎಂಜಿನ್ನಿನ ಆ ಕಾರಿನ ಮುಂದಿನ ಡಿಸ್ಕಿನ (ಚಕ್ರದ ಜೊತೆ ತಿರುಗುವ ಬ್ರೇಕ್ ತಟ್ಟೆ) ಅಗಲ 235 ಮಿ.ಮೀ. ಮಾತ್ರ, ನಮ್ಮ ಊಟದ ತಟ್ಟೆಗಿಂತ ಚಿಕ್ಕದು. ಇದನ್ನು ತಣ್ಣಗಿಡಲು ಬಂಪರಿನಿಂದ ಗಾಳಿ ತರುವ ಪೈಪ್ ಕೂರಿಸಿದ ಎಂಟು ಜನರನ್ನು ನೋಡಿದ್ದೇನೆ. ಆರು ಜನರ ಪೈಪು ದಂಡ. ಆ ಆರರಲ್ಲಿ ನನ್ನ ಮೊದಲನೆಯದೂ ಒಂದು.

ಲೆಕ್ಕ ಸರಳ. ಚಾಲಕನೂ ಸೇರಿ 1100 ಕೆಜಿ ತೂಗುವ ಕಾರನ್ನು ಗಂಟೆಗೆ 160 ಕಿ.ಮೀ. ವೇಗದಿಂದ 80ಕ್ಕೆ ಇಳಿಸಿದರೆ ಸುಮಾರು 800 ಕಿಲೋಜೂಲ್ ಶಕ್ತಿ ಶಾಖವಾಗಬೇಕು. ಅದರಲ್ಲಿ ನೂರಕ್ಕೆ 70ರಷ್ಟು ಮುಂದಿನ ಎರಡು ಚಕ್ರಗಳ ಪಾಲು. ಡಿಸ್ಕ್ ಒಂದರ ತೂಕ 5 ಕೆಜಿ ಎಂದಿಟ್ಟುಕೊಂಡರೂ ಒಂದು ಸಲ ಬ್ರೇಕ್ ತುಳಿದಾಗ ಅದರ ಬಿಸಿ 110-120 ಡಿಗ್ರಿ ಏರುತ್ತದೆ. ಮುಂದಿನ ತಿರುವು ಬರುವುದರೊಳಗೆ ಅಷ್ಟೂ ಇಳಿಯದಿದ್ದರೆ ಸುತ್ತಿನಿಂದ ಸುತ್ತಿಗೆ ಬಾಕಿ ಏರುತ್ತ ಹೋಗುತ್ತದೆ, ಬಡ್ಡಿ ಸಾಲದ ಹಾಗೆ.

ಮೊದಲು ರೋಗ ಪತ್ತೆ ಮಾಡಿ

ಪೆಡಲ್ ಗಟ್ಟಿಯಾಗಿಯೇ ಇದೆ, ಎಷ್ಟು ತುಳಿದರೂ ಕಾರು ನಿಲ್ಲುತ್ತಿಲ್ಲ ಎಂದರೆ ಡಿಸ್ಕನ್ನು ಕಚ್ಚಿ ಹಿಡಿಯುವ ಪ್ಯಾಡ್ ತನ್ನ ಮಿತಿ ದಾಟಿದೆ. ಪೆಡಲ್ ಮೆತ್ತಗಾಗಿ ತಳ ಮುಟ್ಟುತ್ತಿದ್ದರೆ ಬ್ರೇಕ್ ಆಯಿಲ್ ಕುದಿದು ಆವಿಯ ಗುಳ್ಳೆ ಎದ್ದಿದೆ. ಎರಡಕ್ಕೂ ಮೊದಲ ಮದ್ದು ಪೈಪ್ ಅಲ್ಲ. ಟ್ರ್ಯಾಕಿಗೆ ತಕ್ಕ ಪ್ಯಾಡ್ ಹಾಕಿ, ಆಯಿಲ್ ಬದಲಿಸಿ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸತಿರುವಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಎಂಬುದು ನಿಯಮ. ತೇವ ಹೀರಿ ನೂರಕ್ಕೆ 3.7ರಷ್ಟು ನೀರು ಸೇರಿತೆಂದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ಮೂರು ವರ್ಷದಿಂದ ಬದಲಿಸದ ಆಯಿಲ್ ಇಟ್ಟುಕೊಂಡು ಪೈಪ್ ಕೂರಿಸುವವರಿಗೆ ಏನು ಹೇಳುವುದು? ನಾನು ಬಳಸುವುದು ಮೋಟುಲ್ ಆರ್‌ಬಿಎಫ್ 600. ಹೊಸತಿರುವಾಗ 312 ಡಿಗ್ರಿ ತಾಳುತ್ತದೆ, ತೇವ ಹಿಡಿದ ಮೇಲೂ 200ಕ್ಕಿಂತ ಹೆಚ್ಚು. ಸಿಲಿಕೋನಿನ ಡಾಟ್ 5 ಹತ್ತಿರವೂ ಸುಳಿಯಬೇಡಿ.

ತೂತು ಕೊರೆದ ಡಿಸ್ಕ್ ನೋಡಲು ಚೆಂದ, ಆದರೆ ಬಿಸಿ ಏರಿ ಇಳಿದಂತೆ ತೂತಿನಿಂದ ತೂತಿಗೆ ಬಿರುಕು ಹರಿಯುತ್ತದೆ. ಸಾದಾ ಡಿಸ್ಕ್ ಕೊಳ್ಳಿ.

ಇಷ್ಟಾದ ಮೇಲೂ ಪೆಡಲ್ ಕೈಕೊಡುತ್ತಿದ್ದರೆ ಡಿಸ್ಕಿನ ಅಂಚಿಗೆ ಬಿಸಿ ತೋರಿಸುವ ಬಣ್ಣ ಹಚ್ಚಿ ಐದಾರು ಸುತ್ತು ಓಡಿಸಿ. ಹಸಿರು 430 ಡಿಗ್ರಿಗೆ, ಕಿತ್ತಳೆ 560ಕ್ಕೆ, ಕೆಂಪು 610ಕ್ಕೆ ತನ್ನ ಬಣ್ಣ ಕಳೆದುಕೊಳ್ಳುತ್ತದೆ. ಕಿತ್ತಳೆ ತನ್ನ ಬಣ್ಣ ಬಿಟ್ಟಿದ್ದರೆ ಮುಂದೆ ಓದಿ. ಹಸಿರು ಹಸಿರಾಗಿಯೇ ಇದ್ದರೆ ಗಾಳಿ ಬೇಕಾಗಿಲ್ಲ, ಹಣ ಉಳಿಯಿತು.

ಚಕ್ರದಿಂದ ಶುರುಮಾಡಿ, ಬಂಪರಿನಿಂದಲ್ಲ

ಎಲ್ಲರೂ ಮೊದಲು ಬಂಪರಿಗೆ ತೂತು ಕೊರೆಯುತ್ತಾರೆ. ಕಣ್ಣಿಗೆ ಕಾಣುವ ಕೆಲಸ ಅದೇ ತಾನೆ! ಆಮೇಲೆ ಪೈಪನ್ನು ಒಳಗೆ ಎಳೆದು, ಡಿಸ್ಕಿನ ಕಡೆಗೆ ಬಾಯಿ ತಿರುಗಿಸಿ, ಪ್ಲಾಸ್ಟಿಕ್ ಪಟ್ಟಿಯಲ್ಲಿ ಕಟ್ಟಿಬಿಡುತ್ತಾರೆ. ಊದುಗೊಳವೆಯಲ್ಲಿ ಒಲೆ ಊದಿದ ಹಾಗೆ. ಅಲ್ಲಿಯೇ ಕೆಲಸ ಕೆಟ್ಟಿತು.

ಈ ಡಿಸ್ಕ್ ಒಂದೇ ಗಟ್ಟಿ ತಟ್ಟೆಯಲ್ಲ. ಎರಡು ತಟ್ಟೆಗಳ ನಡುವೆ ಸಣ್ಣ ಸಣ್ಣ ಗೋಡೆಗಳಿವೆ. ತಿರುಗುವಾಗ ಅದು ಪಂಪಿನಂತೆ ನಡುವಿನಿಂದ ಗಾಳಿ ಎಳೆದುಕೊಂಡು ಅಂಚಿನಿಂದ ಹೊರಗೆ ಎಸೆಯುತ್ತದೆ. ಗಾಳಿ ಒಳಹೋಗುವ ದಾರಿ ಒಳಮಗ್ಗುಲಲ್ಲಿ, ಹಬ್ಬಿನ (ಚಕ್ರ ಕೂರುವ ನಡುಭಾಗ) ಸುತ್ತ ಇರುವ ಉಂಗುರದಂಥ ಕಿಂಡಿ. ಅಲ್ಲಿಗೆ ಬಿಡದೆ ಬರೀ ಒಳಮುಖಕ್ಕೆ ಊದಿದರೆ ಒಂದು ತಟ್ಟೆ ತಣ್ಣಗಾಗಿ ಇನ್ನೊಂದು ಕಾದೇ ಇರುತ್ತದೆ. ಡಿಸ್ಕ್ ಸೊಟ್ಟಗಾಗುತ್ತದೆ, ಬಿರುಕೂ ಬಿಡಬಹುದು. ಸ್ಟೀರಿಂಗ್ ನಡುಗತೊಡಗಿದಾಗ ಬೈಗುಳ ಮಾತ್ರ ಡಿಸ್ಕ್ ಮಾಡಿದವನಿಗೆ!

ಹಾಗಾಗಿ ನಿಜವಾದ ಕೆಲಸ ಹಿಂಬದಿಯ ತಗಡಿನದು. ಚಕ್ರ ಬಿಚ್ಚಿ, ಪ್ಯಾಡುಗಳನ್ನು ಒತ್ತುವ ಕ್ಯಾಲಿಪರ್ ಕಳಚಿ ತಂತಿಯಲ್ಲಿ ಮೇಲಕ್ಕೆ ಕಟ್ಟಿ (ಬ್ರೇಕಿನ ರಬ್ಬರ್ ನಳಿಕೆಯಲ್ಲಿ ಜೋತಾಡಿಸಬೇಡಿ), ಡಿಸ್ಕ್ ಈಚೆ ತೆಗೆಯಿರಿ. ಹಿಂದೆ ಕಂಪನಿಯ ದೂಳು ತಡೆಯುವ ತಗಡು ಕಾಣುತ್ತದೆ. ಹಬ್ ಬಿಚ್ಚದೆ ಅದು ಪೂರ್ತಿ ಬರುವುದಿಲ್ಲ. ಅದಕ್ಕೇ ಹಲವರು ಕತ್ತರಿಯಲ್ಲಿ ಕತ್ತರಿಸಿ ಎಸೆಯುತ್ತಾರೆ. ಎಸೆಯಬೇಡಿ. ಬಾಲ್ ಜಾಯಿಂಟಿನ (ಚಕ್ರವನ್ನು ಸಸ್ಪೆನ್ಷನ್ನಿಗೆ ಜೋಡಿಸುವ ಗುಂಡು ಕೀಲು) ರಬ್ಬರ್ ಟೋಪಿಗೆ ಡಿಸ್ಕಿನ ಕಾವು ತಾಗದಂತೆ ಕಾಯುವುದೂ ಅದೇ ತಗಡು. ಅದಿಲ್ಲದೆ ಓಡಿಸಿದ ಗೆಳೆಯನೊಬ್ಬನ ಕಾರಿನಲ್ಲಿ ಆ ಟೋಪಿ ಒಣಗಿದ ಹುಣಸೆಸಿಪ್ಪೆಯಂತೆ ಪುಡಿಪುಡಿಯಾಗಿ ಉದುರಿತ್ತು.

ಪೈಪಿನ ಬಾಯಿ ಕೂರಿಸುವ ಹೊಸ ತಗಡಿಗಾಗಿ ಹಳೆಯ ತಗಡಿನ ಮೇಲೆ ರಟ್ಟು ಇಟ್ಟು ಅಚ್ಚು ತೆಗೆಯಿರಿ. ಬಿಸ್ಕತ್ತಿನ ಪೊಟ್ಟಣದ ರಟ್ಟು ಸಾಕು. ರಟ್ಟನ್ನು ಹಬ್ಬಿನ ಸುತ್ತ ಕೂರಿಸಿ, ಡಿಸ್ಕ್ ಹಾಕಿ, ತಿರುಗಿಸಿ ನೋಡಿ, ಮತ್ತೆ ಕತ್ತರಿಸಿ. ನನಗೆ ಇದಕ್ಕೆ ನಾಲ್ಕು ರಟ್ಟು ಹಿಡಿಯಿತು. ತಗಡಿಗೂ ಡಿಸ್ಕಿಗೂ ನಡುವೆ ಸುತ್ತಲೂ 3 ಮಿ.ಮೀ. ಸಂದು ಇರಬೇಕು. ಕಡಿಮೆಯಾದರೆ ಡಿಸ್ಕ್ ಕಾದು ಹಿಗ್ಗಿದಾಗ ಉಜ್ಜುತ್ತದೆ. ಬೆರಳು ತೂರುವಷ್ಟಾದರೆ ಗಾಳಿ ಅಲ್ಲೇ ಸೋರಿ ಹೋಗುತ್ತದೆ. ಎಬಿಎಸ್ ಇರುವ ಕಾರಾದರೆ ಸೆನ್ಸರಿನ ತಂತಿಗೆ ದಾರಿ ಬಿಡುವುದು ಮರೆಯಬೇಡಿ. ಆಮೇಲೆ ರಟ್ಟಿನ ಅಚ್ಚನ್ನು 1.2 ಮಿ.ಮೀ. ಉಕ್ಕಿನ ತಗಡಿಗೆ ಇಳಿಸಿ. ಅಲ್ಯೂಮಿನಿಯಂ ಹಗುರ ಎಂದು ವಾದಿಸುವವರಿದ್ದಾರೆ. ನನಗೆ ವೆಲ್ಡ್ ಮಾಡಬಲ್ಲ ತಗಡೇ ಬೇಕು.

ಇನ್ನು ಪೈಪ್ ಸಿಕ್ಕಿಸುವ ಬಾಯಿ. ಮೂರು ಇಂಚಿನ ಸೈಲೆನ್ಸರ್ ಪೈಪಿನ ಗೇಣುದ್ದ ತುಂಡನ್ನು ವೈಸಿನಲ್ಲಿ ಹಿಡಿದು ಒಂದು ತುದಿಯನ್ನು ಮೊಟ್ಟೆಯಾಕಾರಕ್ಕೆ ಅಮುಕಿ, ಆ ತುದಿ ನೇರವಾಗಿ ಹಬ್ಬಿನ ಸುತ್ತಲ ಕಿಂಡಿಗೆ ತೆರೆಯುವಂತೆ ತಗಡಿಗೆ ವೆಲ್ಡ್ ಮಾಡಿಸಿ. 50 ಮಿ.ಮೀ.ವರೆಗೆ ಅಮುಕಿದರೆ ಬಾಯಿಯ ವಿಸ್ತಾರ ನೂರಕ್ಕೆ ಹನ್ನೆರಡರಷ್ಟು ಮಾತ್ರ ಕಡಿಮೆಯಾಗುತ್ತದೆ. ಅದಕ್ಕಿಂತ ಚಪ್ಪಟೆ ಮಾಡಿದರೆ ಮೂರು ಇಂಚಿನ ಪೈಪಿಗೆ ಅರ್ಥವಿಲ್ಲ.

ಸರಿಯಾಯಿತೇ ಎಂದು ನೋಡಲು ಊದುಬತ್ತಿ ಬೇಕು. ಡಿಸ್ಕ್ ಕೂರಿಸಿ, ಪೈಪಿನ ತುದಿಗೆ ಕೂದಲು ಒಣಗಿಸುವ ಡ್ರೈಯರನ್ನು ತಣ್ಣನೆ ಗಾಳಿಗೆ ಇಟ್ಟು, ಅದರ ಮುಂದೆ ನಾಲ್ಕು ಊದುಬತ್ತಿ ಹಿಡಿಯಿರಿ. ಹೊಗೆ ಡಿಸ್ಕಿನ ಅಂಚಿನ ಕಿಂಡಿಗಳಿಂದ ಸುತ್ತಲೂ ಎಳೆಎಳೆಯಾಗಿ ಬಂದರೆ ಗೆದ್ದಿರಿ. ತಗಡಿನ ಸಂದಿನಿಂದಲೇ ಬುಸ್ಸೆಂದು ಬಂದರೆ ಮತ್ತೆ ರಟ್ಟು ಹಿಡಿಯಿರಿ. ನಮ್ಮ ಗ್ಯಾರೇಜಿನಲ್ಲಿ ಇದನ್ನು ಮಾಡುವಾಗ ಮನೆಯಾಕೆ ಬಂದು ನೋಡಿ, ಆಯುಧ ಪೂಜೆ ಈಗಲೇ ಏಕೆ ಎಂದು ಕೇಳಿದ್ದಳು.

ಪೈಪ್

ಮೂರು ಇಂಚಿನದೇ ಹಾಕಿ. ಎರಡು ಇಂಚಿನ ಪೈಪಿನ ಬಾಯಿ ಅದರ ಅರ್ಧಕ್ಕಿಂತಲೂ ಕಿರಿದು, ತಿರುವುಗಳಲ್ಲಿ ಆಗುವ ನಷ್ಟ ಬೇರೆ. ಡಿಸ್ಕಿನ ಕಡೆಗೆ ತಂತಿ ಸುತ್ತಿದ ಕಿತ್ತಳೆ ಬಣ್ಣದ ಸಿಲಿಕೋನ್ ಪೈಪ್. ಬಂಪರಿನ ಕಡೆಗೆ ಅಗ್ಗದ ಕಪ್ಪು ನಿಯೋಪ್ರೀನ್ ನಡೆಯುತ್ತದೆ. ಬಟ್ಟೆ ಒಣಗಿಸುವ ಯಂತ್ರದ ಬೆಳ್ಳಿ ಹಾಳೆಯ ಪೈಪ್ ಒಂದೇ ದಿನದಲ್ಲಿ ಹರಿಯುತ್ತದೆ. ಪ್ಲಾಸ್ಟಿಕ್ ಬಾಯಿಯ ಸಿದ್ಧ ಕಿಟ್ ಒಂದನ್ನು ನಾನೂ ಕೊಂಡಿದ್ದೆ. ಹೆಸರು ಬೇಡ. ಮಧ್ಯಾಹ್ನದೊಳಗೆ ಆ ಬಾಯಿ ಮೇಣದಂತೆ ಜೋತುಬಿದ್ದಿತ್ತು.

ಪೈಪ್ ಕಟ್ಟಲು ಉಕ್ಕಿನ ಕ್ಲಿಪ್ ಬಳಸಿ. ಕಟ್ಟಿದ ಮೇಲೆ ಸ್ಟೀರಿಂಗನ್ನು ಎರಡೂ ಕಡೆಗೆ ಕೊನೆವರೆಗೆ ತಿರುಗಿಸಿ ಟೈರು ತಾಗುತ್ತದೆಯೇ ನೋಡಿ. ಜಾಕಿನ ಮೇಲೆ ಒಂದು ಸಲ, ಕಾರಿನ ಭಾರ ಚಕ್ರದ ಮೇಲೆ ಬಿದ್ದಾಗ ಇನ್ನೊಂದು ಸಲ. ನಾನು ಜಾಕಿನ ಮೇಲೆ ಮಾತ್ರ ನೋಡಿದ್ದೆ. ಸಸ್ಪೆನ್ಷನ್ ಕುಸಿದಾಗ ಟೈರು ಪೈಪನ್ನು ತುರಿಯುವ ಮಣೆಯಂತೆ ತುರಿದುಹಾಕಿತು.

ಬಂಪರ್

ಗಾಳಿ ನೇರವಾಗಿ ಬಡಿಯುವ ಕಡೆ, ರೇಡಿಯೇಟರಿನ ಗಾಳಿ ಕದಿಯದಂತೆ, ಬಂಪರಿನ ನಡುವಿನ ದೊಡ್ಡ ಬಾಯಿಯ ಎರಡು ಪಕ್ಕದಲ್ಲಿ ಪೈಪಿನ ತುದಿಗಳನ್ನು ಕೂರಿಸಿ, ಜಾಲರಿ ಹಾಕಿ. ಇಂಡಿಕೇಟರ್ ಕಿತ್ತು ಅಲ್ಲಿ ಪೈಪ್ ಹಾಕುವುದು ರೇಸಿಗಷ್ಟೇ ಮೀಸಲಾದ ಕಾರಿಗೆ ಸರಿ, ರಸ್ತೆಯಲ್ಲಿ ಓಡಿಸುವ ಕಾರಿಗಲ್ಲ. ಹಿಂದಿನ ಬ್ರೇಕುಗಳಿಗೆ ಏನೂ ಬೇಡ.

ಮತ್ತೆ ಬಣ್ಣ ಹಚ್ಚಿ ಅಷ್ಟೇ ಸುತ್ತು ಓಡಿಸಿ ಹೋಲಿಸಿ. ಈಗ ಹಸಿರೂ ಬಣ್ಣ ಬಿಡದಿದ್ದರೆ ಡಿಸ್ಕ್ ಅತಿಯಾಗಿ ತಣ್ಣಗಾಗಿರಬಹುದು. ರೇಸ್ ಪ್ಯಾಡುಗಳು ತಣ್ಣಗಿದ್ದಾಗ ಸರಿಯಾಗಿ ಕಚ್ಚುವುದಿಲ್ಲ. ಆಗ ಬಂಪರಿನಲ್ಲಿರುವ ಪೈಪಿನ ಬಾಯಿಗಳಿಗೆ ಅರ್ಧ ಟೇಪ್ ಹಚ್ಚಿ. ಕೊನೆಯ ಸುತ್ತನ್ನು ಬ್ರೇಕ್ ಮುಟ್ಟದೆ ನಿಧಾನವಾಗಿ ಮುಗಿಸಿ. ನಿಲ್ಲಿಸಿದ ಮೇಲೆ ಕೈಬ್ರೇಕ್ ಎಳೆಯದೆ ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಅಡ್ಡ ಕೊಡಿ. ಮನೆಗೆ ಹೊರಡುವಾಗ ಎರಡೂ ಬಾಯಿಗೆ ಪೂರ್ತಿ ಟೇಪ್ ಹಚ್ಚಿ. ಇಲ್ಲದಿದ್ದರೆ ದಾರಿಯ ಮರಳು, ಮಳೆನೀರು ಎಲ್ಲವೂ ಅಷ್ಟು ಕಷ್ಟಪಟ್ಟು ಮಾಡಿದ ದಾರಿಯಲ್ಲೇ ಡಿಸ್ಕಿನ ಹೊಟ್ಟೆ ಸೇರುತ್ತವೆ.